ಕಾಪ್ರೆಸೆ ಸಲಾಡ್: ಟೊಮೆಟೊ, ಮೊಝರೆಲ್ಲಾ, ಬೇಸಿಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಬಂದವರಿಗೆ ಇಟಲಿಯ ಈ ಬೇಸಿಗೆ ಸಲಾಡನ್ನು ಮಾಡಿ ಬಡಿಸಲು ಶುರು ಮಾಡಿದ ಮೇಲೆ ಪ್ರಶ್ನೆಗಳೂ ಶುರುವಾದವು. ಕೆಲವರು ತಟ್ಟೆಯ ಮುಂದೆಯೇ ಕೇಳಿದರು, ಕೆಲವರು ತಮ್ಮ ಮನೆಯಲ್ಲಿ ಮಾಡಿ ಕೆಡಿಸಿಕೊಂಡ ಮೇಲೆ ಫೋನ್ ಮಾಡಿ ಕೇಳಿದರು, ಇಬ್ಬರು ಮೂವರು ಕಾಗದ ಬರೆದು ಕೇಳಿದರು. ಒಲೆಯನ್ನೇ ಹಚ್ಚದ ಅಡುಗೆಗೆ ಇಷ್ಟೊಂದು ಪ್ರಶ್ನೆಗಳೇ ಎಂದು ಮೊದಲು ಅನ್ನಿಸಿತ್ತು. ಒಲೆ ಇಲ್ಲದ್ದಕ್ಕೇ ಇರಬೇಕು, ಒಗ್ಗರಣೆ ಹಾಕಿ ತಪ್ಪನ್ನು ಮುಚ್ಚಿಕೊಳ್ಳುವ ದಾರಿ ಇಲ್ಲಿಲ್ಲ. ಬಂದ ದೂರುಗಳಲ್ಲಿ ಹೆಚ್ಚಿನವು ಎರಡೇ: ಒಂದು, ತಟ್ಟೆಯ ತುಂಬ ನೀರು, ಇನ್ನೊಂದು, ಯಾವುದಕ್ಕೂ ರುಚಿಯಿಲ್ಲ. ಕೆಳಗಿನ ಉತ್ತರಗಳಲ್ಲಿ ಅರ್ಧದಷ್ಟು ಈ ಎರಡರ ಸುತ್ತಲೇ ಇವೆ.

## ಮೊದಲ ಸಲ ಮಾಡುವವರಿಗೆ

ಕಾಪ್ರೆಸೆ ಎಂದರೆ ಏನು? ಹೋಟೆಲಿನಲ್ಲಿ ಟೊಮೆಟೊ ಬಿಲ್ಲೆಗಳ ನಡುವೆ ಬಿಳಿ ಚೀಸ್ ಸಿಕ್ಕಿಸಿ ಕೊಟ್ಟಿದ್ದರು, ಅದೇನಾ?

ಅದೇ. ದಕ್ಷಿಣ ಇಟಲಿಯ ಕಂಪಾನಿಯಾ ಪ್ರಾಂತ್ಯದಲ್ಲಿ, ನೇಪಲ್ಸ್ ಕೊಲ್ಲಿಯಲ್ಲಿ ಕಾಪ್ರಿ ಎಂಬ ಪುಟ್ಟ ದ್ವೀಪವಿದೆ. ಕಾಪ್ರೆಸೆ ಎಂದರೆ ಕಾಪ್ರಿಯದು, ನಾವು ಮೈಸೂರು ಪಾಕ್, ದಾವಣಗೆರೆ ಬೆಣ್ಣೆದೋಸೆ ಅನ್ನುವ ಹಾಗೆ. ಮಾಗಿದ ಟೊಮೆಟೊ, ತಾಜಾ ಮೊಝರೆಲ್ಲಾ, ಬೇಸಿಲ್ ಎಲೆ, ಆಲಿವ್ ಎಣ್ಣೆ, ಉಪ್ಪು: ಮುಗಿಯಿತು. ಕೆಂಪು, ಬಿಳಿ, ಹಸಿರು ಸೇರಿ ಇಟಲಿಯ ಧ್ವಜದ ಬಣ್ಣವಾಗುತ್ತದೆ ಎಂದು ಅಲ್ಲಿನವರು ಹೆಮ್ಮೆಪಡುತ್ತಾರೆ. ಇದನ್ನು ಮೊದಲು ಯಾರು ಮಾಡಿದರು ಎಂಬುದಕ್ಕೆ ದ್ವೀಪದಲ್ಲಿ ಒಂದಕ್ಕಿಂತ ಹೆಚ್ಚು ಕಥೆಗಳಿವೆ. ಒಂದರಲ್ಲಿ 1920ರ ದಶಕದ ಹೋಟೆಲೂಟ, ಇನ್ನೊಂದರಲ್ಲಿ ಈಜಿಪ್ಟಿನ ದೊರೆ ಫಾರೂಕ್. ಕಥೆಗಳನ್ನು ಕಥೆಗಳೆಂದೇ ಸವಿಯುವುದು ಒಳ್ಳೆಯದು.

ನಾಲ್ಕು ಜನಕ್ಕೆ ಎಷ್ಟೆಷ್ಟು ಬೇಕು? ಕಣ್ಣಳತೆ ಬೇಡ, ಸರಿಯಾದ ಅಳತೆ ಹೇಳಿ.

ಟೊಮೆಟೊ 500 ಗ್ರಾಂ, ತಾಜಾ ಮೊಝರೆಲ್ಲಾ 250 ಗ್ರಾಂ, ಬೇಸಿಲ್ 12ರಿಂದ 15 ಎಲೆ, ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ 3 ದೊಡ್ಡ ಚಮಚ, ಉಪ್ಪು ಅರ್ಧ ಚಹಾ ಚಮಚಕ್ಕಿಂತ ತುಸು ಹೆಚ್ಚು. ಕರಿಮೆಣಸು ಬೇಕೆನ್ನುವವರು ಕುಟ್ಟಿ ಉದುರಿಸಿಕೊಳ್ಳಬಹುದು. ಟೊಮೆಟೊ ತೂಕದ ಅರ್ಧದಷ್ಟು ಚೀಸ್ ಎಂದು ನೆನಪಿಟ್ಟುಕೊಂಡರೆ ಇಬ್ಬರಿಗೂ ಇಪ್ಪತ್ತು ಜನಕ್ಕೂ ಲೆಕ್ಕ ಸರಿಹೋಗುತ್ತದೆ.

ಮಾಡುವ ಕ್ರಮ ಹೇಳಿ. ನನಗೆ ಚಾಕು ಹಿಡಿಯುವುದರಿಂದಲೇ ಕಲಿಯಬೇಕು.

ಬಡಿಸುವ ಒಂದು ಗಂಟೆ ಮೊದಲು ಚೀಸನ್ನು ಫ್ರಿಜ್ಜಿನಿಂದ ಹೊರಗಿಡಿ. ಅರ್ಧ ಗಂಟೆ ಮೊದಲು ಅದನ್ನು ಅದರ ನೀರಿನಿಂದ ತೆಗೆದು, ಬೆರಳಗಲದ ಬಿಲ್ಲೆಗಳಾಗಿ ಕತ್ತರಿಸಿ, ಮಡಿಚಿದ ಹತ್ತಿಬಟ್ಟೆಯ ಮೇಲೆ ಹರಡಿ. ಇದನ್ನು ಬಿಟ್ಟವರಿಗೇ ತಟ್ಟೆಯಲ್ಲಿ ಹಾಲುನೀರು ನಿಲ್ಲುತ್ತದೆ.

ಟೊಮೆಟೊ ತೊಳೆದು ಒರೆಸಿ, ತೊಟ್ಟಿನ ಬಳಿಯ ಗಟ್ಟಿ ಭಾಗವನ್ನು ಕೊರೆದು ತೆಗೆಯಿರಿ. ಇದಕ್ಕೆ ಬ್ರೆಡ್ ಕತ್ತರಿಸುವ ಹಲ್ಲಿನ ಚಾಕು ಅತ್ಯುತ್ತಮ. ಮೊಂಡು ಚಾಕುವಿನಿಂದ ಒತ್ತಿದರೆ ಸಿಪ್ಪೆ ಕೊಯ್ಯುವ ಮೊದಲೇ ಒಳಗಿನ ರಸವೆಲ್ಲ ಮಣೆಯ ಮೇಲೆ ಹರಿಯುತ್ತದೆ. ಮನೆಯಲ್ಲಿ ಹರಿತವಾದ ಈಳಿಗೆಮಣೆ ಇದ್ದರೆ ಅದಕ್ಕಿಂತ ಒಳ್ಳೆಯದು ಬೇರಿಲ್ಲ. ಹಣ್ಣನ್ನು ಅಲಗಿನ ಮೇಲೆ ಎಳೆದರೆ ಸಾಕು, ಒತ್ತುವ ಮಾತೇ ಇಲ್ಲ. ಬಿಲ್ಲೆಗಳನ್ನು ಅಡ್ಡಡ್ಡ ಕತ್ತರಿಸಿ, ಅರ್ಧ ಸೆಂಟಿಮೀಟರಿಗಿಂತ ತುಸು ದಪ್ಪಗೆ.

ಅಗಲವಾದ ತಟ್ಟೆಯಲ್ಲಿ ಟೊಮೆಟೊ ಬಿಲ್ಲೆಯೊಂದು, ಚೀಸ್ ಬಿಲ್ಲೆಯೊಂದು, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಹೊಂದಿಸಿ. ಉಪ್ಪು ಉದುರಿಸಿ. ಬೇಸಿಲ್ ಎಲೆಗಳನ್ನು ಸಂದುಗಳಿಗೆ ಸಿಕ್ಕಿಸಿ. ಕೊನೆಗೆ ಎಣ್ಣೆಯನ್ನು ಸಣ್ಣ ಧಾರೆಯಲ್ಲಿ ಎಲ್ಲ ಕಡೆ ಬೀಳುವ ಹಾಗೆ ಸುರಿಯಿರಿ. ಐದು ನಿಮಿಷ ಬಿಟ್ಟು ತಿನ್ನಿ, ಇಪ್ಪತ್ತು ನಿಮಿಷದೊಳಗೆ ಮುಗಿಸಿ.

ಇದನ್ನು ಊಟದಲ್ಲಿ ಯಾವಾಗ ತಿನ್ನುವುದು? ಅನ್ನ ಸಾರಿನ ಜೊತೆ ಹೊಂದುತ್ತದೆಯೇ?

ಇಟಲಿಯಲ್ಲಿ ಊಟದ ಮೊದಲ ಸುತ್ತಿಗೆ ಬರುತ್ತದೆ. ಬಿಸಿಲು ಹೆಚ್ಚಾದ ದಿನ ಬ್ರೆಡ್ಡಿನ ಜೊತೆ ಇದೇ ಮಧ್ಯಾಹ್ನದ ಊಟ. ಬ್ರೆಡ್ಡಿನ ಒಳಗಿಟ್ಟು ಸಮುದ್ರತೀರಕ್ಕೆ ಕಟ್ಟಿಕೊಂಡು ಹೋಗುವುದೂ ಉಂಟು. ಸಾರು ಅನ್ನದ ಜೊತೆ ನಾನು ಕೊಡುವುದಿಲ್ಲ; ಒಗ್ಗರಣೆ, ಇಂಗಿನ ಎದುರು ಹಾಲಿನ ಈ ಮೆದು ರುಚಿ ಸೋತುಹೋಗುತ್ತದೆ. ಸಂಜೆ ನಾಲ್ಕರ ಹೊತ್ತಿಗೆ, ಕಾಫಿಗೆ ಮೊದಲು, ಎರಡು ತುಂಡು ಸುಟ್ಟ ಬ್ರೆಡ್ಡಿನೊಂದಿಗೆ ಕೊಟ್ಟು ನೋಡಿ. ತಟ್ಟೆಯ ತಳದಲ್ಲಿ ಉಳಿಯುವ ಎಣ್ಣೆ ಮತ್ತು ಟೊಮೆಟೊ ರಸವನ್ನು ಬ್ರೆಡ್ಡಿನಲ್ಲಿ ಒರೆಸಿಕೊಂಡು ತಿನ್ನುವುದಕ್ಕೆ ಇಟಲಿಯವರು ‘ಸ್ಕಾರ್ಪೆತ್ತಾ’ ಎನ್ನುತ್ತಾರೆ, ಪುಟ್ಟ ಬೂಟು ಎಂದು ಅರ್ಥ. ನನ್ನ ಮಟ್ಟಿಗೆ ಸಲಾಡ್ ಮಾಡುವುದೇ ಆ ತುತ್ತಿಗಾಗಿ.

## ಟೊಮೆಟೊ

ನಮ್ಮ ಸಂತೆಯಲ್ಲಿ ಸಿಗುವುದರಲ್ಲಿ ಯಾವ ಟೊಮೆಟೊ ಆಗುತ್ತದೆ? ನಾಟಿಯೋ, ಹೈಬ್ರಿಡ್ಡೋ?

ಕಾಪ್ರಿಯ ಎದುರಿನ ಸೊರೆಂಟೊ ದಂಡೆಯಲ್ಲಿ ಬೆಳೆಯುವ ಟೊಮೆಟೊ ಅಂಗೈಯಗಲ, ಗುಲಾಬಿ ಬಣ್ಣ, ತಿರುಳು ಹೆಚ್ಚು, ಬೀಜ ಕಡಿಮೆ, ಹುಳಿಯೂ ಕಡಿಮೆ. ‘ಎತ್ತಿನ ಹೃದಯ’ ಎಂದು ಅವರು ಕರೆಯುವ ಇನ್ನೊಂದು ತಳಿಯೂ ಹೀಗೆಯೇ. ಇವೆರಡೂ ನಮ್ಮಲ್ಲಿ ಬುಟ್ಟಿಯಲ್ಲಿ ಸಿಗುವುದಿಲ್ಲ.

ನಮ್ಮ ಅಂಡಾಕಾರದ ಹೈಬ್ರಿಡ್ ಟೊಮೆಟೊ ಗಟ್ಟಿ ಸಿಪ್ಪೆಯದು. ಕೋಲಾರದ ಮಾರುಕಟ್ಟೆಯಿಂದ ಲಾರಿಯಲ್ಲಿ ದೂರದೂರಿಗೆ ಹೋಗಬೇಕಾದ ಹಣ್ಣಿಗೆ ಆ ಸಿಪ್ಪೆ ಬೇಕೇ ಬೇಕು, ಅದರ ತಪ್ಪಲ್ಲ. ನೋಡಲು ಚಂದ, ಕತ್ತರಿಸಲು ಸುಲಭ, ಆದರೆ ಹಸಿಯಾಗಿ ತಿಂದರೆ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ. ನಾಟಿ ಟೊಮೆಟೊಗೆ ಘಮವಿದೆ, ರಸವಿದೆ, ಹುಳಿ ಮಾತ್ರ ಸಾರಿಗೆ ತಕ್ಕಷ್ಟಿದೆ. ನಾನು ನಾಟಿಯನ್ನೇ ಆರಿಸುತ್ತೇನೆ. ಮೂರು ದಿನ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಪೂರ್ತಿ ಕೆಂಪಾಗಲು ಬಿಡುತ್ತೇನೆ, ಉಪ್ಪಿನ ಜೊತೆ ಒಂದು ಚಿಟಿಕೆ ಸಕ್ಕರೆ ಉದುರಿಸುತ್ತೇನೆ. ಸಕ್ಕರೆ ಎಂದರೆ ಇಟಲಿಯವರು ಹುಬ್ಬು ಗಂಟಿಕ್ಕಬಹುದು. ಅವರಿಗೆ ಸೊರೆಂಟೊದ ಹಣ್ಣಿದೆ, ಅವರು ಗಂಟಿಕ್ಕಲಿ. ಚೆರ್ರಿ ಟೊಮೆಟೊ ಸಿಕ್ಕರೆ ಚಿಂತೆಯೇ ಬೇಡ, ವರ್ಷವಿಡೀ ಸಿಹಿಯಾಗಿರುವುದು ಅದೊಂದೇ. ಎರಡು ಹೋಳು ಮಾಡಿ, ಚೀಸನ್ನೂ ಅದೇ ಗಾತ್ರಕ್ಕೆ ಹರಿದು ಹಾಕಿ.

ಕೊಳ್ಳುವಾಗ ಬಣ್ಣವನ್ನು ನಂಬಬೇಡಿ, ತೊಟ್ಟಿನ ಬಳಿ ಮೂಗಿಟ್ಟು ನೋಡಿ. ಗಿಡದ ಹಸಿರು ವಾಸನೆ ಬಂದರೆ ತನ್ನಿ.

ಫ್ರಿಜ್ಜಿನಲ್ಲಿ ಇಟ್ಟರೆ ಏನಾಗುತ್ತದೆ? ಕೆಡದಿರಲಿ ಎಂದು ತಾನೇ ಇಡುವುದು?

ಕೊಳೆಯುವುದು ತಡವಾಗುತ್ತದೆ, ನಿಜ. ಘಮ ಮಾತ್ರ ಹೋಗುತ್ತದೆ. ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ಟೊಮೆಟೊಗೆ ಆಗಿಬರುವುದಿಲ್ಲ. 2016ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು ಹಣ್ಣುಗಳನ್ನು 5 ಡಿಗ್ರಿಯಲ್ಲಿ ಒಂದು ವಾರ ಇಟ್ಟು, ಮತ್ತೆ ಒಂದು ದಿನ ಹೊರಗಿಟ್ಟು ಪರೀಕ್ಷಿಸಿದ್ದರು. ಘಮ ಹುಟ್ಟಿಸುವ ವಂಶವಾಹಿಗಳ ಕೆಲಸ ತಂಪಿನಲ್ಲಿ ಕುಗ್ಗಿತ್ತು. ಹೊರಗಿಟ್ಟ ಮೇಲೂ ಅದು ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಸಕ್ಕರೆ, ಹುಳಿ ಹೆಚ್ಚು ಬದಲಾಗಿರಲಿಲ್ಲ. ಫ್ರಿಜ್ಜಿನ ಟೊಮೆಟೊ ಸಾರಿಗೆ ನಡೆಯುವುದೂ ಸಲಾಡಿಗೆ ನಡೆಯದಿರುವುದೂ ಇದಕ್ಕೇ. ಸಾರಿನಲ್ಲಿ ಹುಳಿಯೇ ಸಾಕು, ಘಮವನ್ನು ಕೊತ್ತಂಬರಿಯೂ ಒಗ್ಗರಣೆಯೂ ತುಂಬಿಕೊಡುತ್ತವೆ.

ಬೀಜ ಮತ್ತು ಲೋಳೆ ತೆಗೆಯಬೇಕೇ? ಅದರಿಂದಲೇ ನೀರಾಗುವುದಲ್ಲವೇ?

ತೆಗೆಯಬೇಡಿ. ಟೊಮೆಟೊದ ರುಚಿಗೆ ಮಾಂಸಲವಾದ ಆಳವನ್ನು ಕೊಡುವ ಗ್ಲುಟಮೇಟ್ ತಿರುಳಿಗಿಂತ ಬೀಜದ ಸುತ್ತಲಿನ ಲೋಳೆಯಲ್ಲೇ ಹೆಚ್ಚು. ಅದನ್ನು ತೆಗೆದರೆ ಬರೀ ಗೋಡೆ ಉಳಿಯುತ್ತದೆ. ಸಿಪ್ಪೆ ತೀರಾ ದಪ್ಪ ಎನಿಸಿದರೆ ಹಣ್ಣನ್ನು ಕುದಿಯುವ ನೀರಿನಲ್ಲಿ ಹದಿನೈದು ಸೆಕೆಂಡು ಅದ್ದಿ ತಣ್ಣೀರಿಗೆ ಹಾಕಿ ಸುಲಿಯಬಹುದು. ನಾಟಿಗೆ ಅದರ ಅಗತ್ಯವಿಲ್ಲ.

ಉಪ್ಪು ಯಾವಾಗ ಹಾಕಬೇಕು? ನಾನು ಹಾಕಿಟ್ಟು ಸ್ನಾನ ಮಾಡಿ ಬರುವಷ್ಟರಲ್ಲಿ ತಟ್ಟೆ ಕೆರೆಯಾಗಿತ್ತು.

ಸೌತೆಕಾಯಿ ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಬೇಕೆಂದು ಮನೆಯ ಹಿರಿಯರು ಹೇಳಿಕೊಟ್ಟಿರುತ್ತಾರಲ್ಲ, ಇಲ್ಲಿಯೂ ಅದೇ. ಉಪ್ಪು ಕತ್ತರಿಸಿದ ಮುಖದಿಂದ ನೀರನ್ನು ಎಳೆಯುತ್ತದೆ. ಐದು ನಿಮಿಷದಲ್ಲಿ ಬರುವ ರಸ ಎಣ್ಣೆಯೊಂದಿಗೆ ಸೇರಿ ತಾನೇ ಸಲಾಡಿನ ಸಾಸ್ ಆಗುತ್ತದೆ, ಅದು ಬೇಕು. ಅರ್ಧ ಗಂಟೆಯಲ್ಲಿ ಬರುವುದು ಹೆಚ್ಚಾಯಿತು. ಹಣ್ಣು ವಿಪರೀತ ರಸದ್ದಾದರೆ ದಾರಿ ಬೇರೆ: ಟೊಮೆಟೊ ಬಿಲ್ಲೆಗಳಿಗೆ ಮಾತ್ರ ಉಪ್ಪು ಹಾಕಿ ಹತ್ತು ನಿಮಿಷ ಜರಡಿಯಲ್ಲಿಟ್ಟು, ಕೆಳಗೆ ಬಸಿದ ರಸಕ್ಕೆ ಎಣ್ಣೆ ಸೇರಿಸಿ ಕಡೆದು, ಅದನ್ನೇ ಮೇಲಿಂದ ಸುರಿಯಿರಿ. ರಸವನ್ನು ಮಾತ್ರ ಚೆಲ್ಲಬೇಡಿ.

## ಚೀಸ್

ಅಂಗಡಿಯಲ್ಲಿ ಮೊಝರೆಲ್ಲಾ ಎಂದೇ ಬರೆದಿದ್ದ ಪ್ಯಾಕೆಟ್ ತಂದೆ. ಸಲಾಡಿನಲ್ಲಿ ರಬ್ಬರಿನ ಹಾಗಿತ್ತು. ಮೋಸ ಹೋದೆನೇ?

ಮೋಸವಲ್ಲ, ಅದು ಪಿಜ್ಜಾ ಮೊಝರೆಲ್ಲಾ. ನೀರಿನಂಶ ತೆಗೆದು, ತುರಿಯಲು ಬರುವಂತೆ ಗಟ್ಟಿಯಾಗಿ ಮಾಡಿದ್ದು. ಬಿಸಿಯಲ್ಲಿ ಕರಗುವುದು ಅದರ ಕೆಲಸ. ತಣ್ಣಗೆ ತಿಂದರೆ ನೀವು ಹೇಳಿದ ರಬ್ಬರೇ. ಸಲಾಡಿಗೆ ಬೇಕಾದದ್ದು ನೀರಿನಲ್ಲಿ ತೇಲುತ್ತಿರುವ ಬಿಳಿ ಉಂಡೆ. ಪೊಟ್ಟಣವನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ನೀರಿನ ಸದ್ದು ಕೇಳಬೇಕು. ಕತ್ತರಿಸಿದಾಗ ಒಳಗೆ ಸಣ್ಣ ಎಳೆಗಳ ಪದರ ಕಾಣಬೇಕು, ಒತ್ತಿದರೆ ಹಾಲಿನಂಥ ಹನಿ ಹೊರಬರಬೇಕು. ಪಟ್ಟಣಗಳ ದೊಡ್ಡ ಅಂಗಡಿಗಳ ಫ್ರಿಜ್ಜಿನಲ್ಲಿ ಸಿಗುತ್ತದೆ. ಬೆಂಗಳೂರಿನಲ್ಲಿ ಬೆನೆಡಿಕ್ಟೈನ್ ಸನ್ಯಾಸಿಗಳು ವಲ್ಲೊಂಬ್ರೊಸಾ ಹೆಸರಿನಲ್ಲಿ ಇಟಲಿಯ ಕ್ರಮದ ತಾಜಾ ಚೀಸ್‌ಗಳನ್ನು ಮಾಡಿ ಮಾರುತ್ತಾ ಬಂದಿದ್ದಾರೆ.

ಎಮ್ಮೆ ಹಾಲಿನದ್ದೇ ಆಗಬೇಕೇ?

ಪ್ರಸಿದ್ಧವಾದದ್ದು ಎಮ್ಮೆಯದು. ‘ಮೊಝರೆಲ್ಲಾ ದಿ ಬುಫಾಲಾ ಕಂಪಾನಾ’ ಎಂಬ ಹೆಸರಿಗೆ 1996ರಿಂದ ಯುರೋಪಿನಲ್ಲಿ ಮೂಲಸ್ಥಾನದ ರಕ್ಷಣೆಯಿದೆ. ಕಸೆರ್ತಾ, ಸಲೆರ್ನೊ ಮತ್ತು ಸುತ್ತಲಿನ ಗೊತ್ತುಪಡಿಸಿದ ಪ್ರದೇಶದ ಎಮ್ಮೆ ಹಾಲಿನಿಂದ ಅಲ್ಲಿಯೇ ಮಾಡಿದರೆ ಮಾತ್ರ ಆ ಹೆಸರು. ಎಮ್ಮೆ ಬೆಣ್ಣೆ ಬೆಳ್ಳಗೆ, ಹಸುವಿನ ಬೆಣ್ಣೆ ಹಳದಿ ಎನ್ನುವುದು ನಮಗೆ ಗೊತ್ತಿರುವುದೇ; ಆ ಚೀಸ್ ಪಿಂಗಾಣಿಯಂತೆ ಬೆಳ್ಳಗಿರುವುದೂ ಅದೇ ಕಾರಣಕ್ಕೆ. ರುಚಿ ತುಸು ಹುಳಿ, ಕೊಬ್ಬು ಹೆಚ್ಚು, ನೀರೂ ಹೆಚ್ಚು.

ಹಸುವಿನ ಹಾಲಿನದಕ್ಕೆ ‘ಫಿಯೊರ್ ದಿ ಲತ್ತೆ’ ಎಂದು ಹೆಸರು, ಹಾಲಿನ ಹೂವು ಎಂದು. ಸೊರೆಂಟೊದ ಹಿಂದಿನ ಬೆಟ್ಟದ ಮೇಲಿರುವ ಅಜೆರೊಲಾ ಎಂಬ ಊರು ಇದಕ್ಕೆ ಹೆಸರಾಗಿದೆ. ಕಾಪ್ರೆಸೆಗೆ ಇದೇ ಸರಿ ಎಂದು ವಾದಿಸುವವರು ಕಂಪಾನಿಯಾದಲ್ಲೇ ಬೇಕಾದಷ್ಟು ಜನರಿದ್ದಾರೆ, ಎಮ್ಮೆಯದು ತಟ್ಟೆಯನ್ನು ಒದ್ದೆ ಮಾಡುತ್ತದೆ ಎಂದು. ನಾನು ಆ ಗುಂಪಿನವನು. ಎಮ್ಮೆಯದು ಒಳ್ಳೆಯದು ಸಿಕ್ಕಿದ ದಿನ ಟೊಮೆಟೊ ಜೊತೆ ಸೇರಿಸುವುದೇ ಇಲ್ಲ, ಹಾಗೇ ತಿನ್ನುತ್ತೇನೆ.

ಪನೀರ್ ಹಾಕಿದರೆ ಏನು ತಪ್ಪು? ಎರಡೂ ಹಾಲಿನದ್ದೇ ಅಲ್ಲವೇ?

ತಪ್ಪೇನಿಲ್ಲ, ಆದರೆ ಬೇರೆ ತಿಂಡಿ ಆಗುತ್ತದೆ. ಪನೀರ್ ಎಂದರೆ ಕುದಿಯುವಷ್ಟು ಬಿಸಿಯ ಹಾಲನ್ನು ಹುಳಿ ಹಾಕಿ ಒಡೆದು ಒತ್ತಿದ್ದು. ಅದರಲ್ಲಿ ಎಳೆಯಿಲ್ಲ, ಒಳಗೆ ಹಾಲಿನ ತೇವವೂ ಇಲ್ಲ. ಮೊಝರೆಲ್ಲಾ ಎಂದರೆ ರೆನೆಟ್ ಎಂಬ ಕಿಣ್ವದಿಂದ ಹೆಪ್ಪುಗಟ್ಟಿಸಿ, ಹುಳಿ ಬರಲು ಬಿಟ್ಟು, ಬಿಸಿನೀರಿನಲ್ಲಿ ನಾದಿ ಎಳೆದದ್ದು. ಮಸಾಲೆಯಲ್ಲಿ ಬೆಂದಾಗ ಚಂದವಾಗಿರುವ ಪನೀರ್ ತುಂಡು ಇಲ್ಲಿ ಸೀಮೆಸುಣ್ಣದಂತೆ ಒಣಒಣ ಎನಿಸುತ್ತದೆ.

ಪನೀರೇ ಗತಿ ಎಂದಾದರೆ ಅಂಗಡಿಯ ಇಟ್ಟಿಗೆಯನ್ನು ಬಿಡಿ. ಒಂದು ಲೀಟರ್ ಕೆನೆಹಾಲನ್ನು ನಿಂಬೆರಸ ಹಾಕಿ ಒಡೆದು, ಬಟ್ಟೆಯಲ್ಲಿ ಕಟ್ಟಿ ಇಪ್ಪತ್ತೇ ನಿಮಿಷ ತೂಗುಹಾಕಿ. ಒತ್ತಬೇಡಿ. ಇನ್ನೂ ತೇವವಿರುವಾಗಲೇ ಉಪ್ಪು, ಎರಡು ಚಮಚ ತಾಜಾ ಕೆನೆ ಬೆರೆಸಿ ಟೊಮೆಟೊ ಮೇಲೆ ಚಮಚದಿಂದ ಹಾಕಿ. ಬಹಳ ಚೆನ್ನಾಗಿರುತ್ತದೆ. ಕಾಪ್ರೆಸೆ ಎಂದು ಮಾತ್ರ ಕರೆಯಬೇಡಿ.

ಬುರಾಟಾ ಎಂದರೆ ದುಬಾರಿ ಮೊಝರೆಲ್ಲಾ ತಾನೇ?

ಹೊರಗೆ ಮೊಝರೆಲ್ಲಾದ ಚೀಲ, ಒಳಗೆ ಅದರದೇ ಹರಿದ ಎಳೆಗಳೂ ಕೆನೆಯೂ. ಪುಲಿಯಾ ಪ್ರಾಂತ್ಯದ ಆಂದ್ರಿಯಾದಲ್ಲಿ ಹುಟ್ಟಿದ್ದು. ಕಾಪ್ರಿಯಿಂದ ನೋಡಿದರೆ ಇಟಲಿಯ ಆಚೆ ಕರಾವಳಿ. ಬಿಲ್ಲೆ ಮಾಡಲು ಬರುವುದಿಲ್ಲ. ಇಡಿಯಾಗಿ ನಡುವೆ ಇಟ್ಟು, ಸುತ್ತ ಟೊಮೆಟೊ ಹರಡಿ, ಎಲ್ಲರೂ ಕುಳಿತ ಮೇಲೆ ಒಡೆಯಬೇಕು.

ನಾವು ಶುದ್ಧ ಸಸ್ಯಾಹಾರಿಗಳು. ಈ ಚೀಸ್ ತಿನ್ನಬಹುದೇ?

ಕೇಳಲೇಬೇಕಾದ ಪ್ರಶ್ನೆ. ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್ ಮೂಲತಃ ಕರುವಿನ ಜಠರದಿಂದ ಬರುವ ಕಿಣ್ವ. ಕಂಪಾನಿಯಾದ ಸಾಂಪ್ರದಾಯಿಕ ಎಮ್ಮೆ ಮೊಝರೆಲ್ಲಾದಲ್ಲಿ ಕರುವಿನ ರೆನೆಟ್ಟನ್ನೇ ಬಳಸುತ್ತಾರೆ, ಹಾಗಾಗಿ ನಿಮಗೆ ಅದು ಆಗುವುದಿಲ್ಲ. ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ಕೂಡ ಇದೆ. ನಮ್ಮ ದೇಶದಲ್ಲಿ ಮಾಡುವ ಚೀಸ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಅದು. ಪೊಟ್ಟಣದ ಮೇಲೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಇದೆಯೇ ನೋಡಿ. ಊಟಕ್ಕೆ ಕರೆದವರ ಮನೆಯಲ್ಲಿ ಪೊಟ್ಟಣ ತೋರಿಸಿ ಎಂದು ಕೇಳಲು ಸಂಕೋಚಪಡಬೇಕಿಲ್ಲ, ನನ್ನನ್ನು ಎಷ್ಟೋ ಜನ ಕೇಳಿದ್ದಾರೆ.

ಮಗಳು ಬಸುರಿ. ಮೆತ್ತನೆಯ ಚೀಸ್ ತಿನ್ನಬಾರದು ಎನ್ನುತ್ತಾರಲ್ಲ?

ಹಸಿ ಹಾಲಿನಿಂದ ಮಾಡಿದ ಮೆತ್ತನೆಯ ಚೀಸ್ ಬೇಡವೇ ಬೇಡ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಗರ್ಭಕ್ಕೆ ಅಪಾಯ, ಮತ್ತು ಅದು ಫ್ರಿಜ್ಜಿನ ತಂಪಿನಲ್ಲೂ ಬೆಳೆಯಬಲ್ಲದು. ಪಾಶ್ಚರೀಕರಿಸಿದ ಹಾಲಿನದು ಎಂದು ಪೊಟ್ಟಣದ ಮೇಲೆ ಸ್ಪಷ್ಟವಾಗಿ ಬರೆದಿರುವ, ಆಗ ತಾನೇ ಒಡೆದ ಮೊಝರೆಲ್ಲಾವನ್ನು ಸಾಮಾನ್ಯವಾಗಿ ಸುರಕ್ಷಿತ ಎನ್ನುತ್ತಾರೆ. ಆದರೂ ಅವರನ್ನು ನೋಡುತ್ತಿರುವ ವೈದ್ಯರನ್ನು ಒಂದು ಮಾತು ಕೇಳಿ.

ಮಿಕ್ಕ ಚೀಸನ್ನು ಎಷ್ಟು ದಿನ ಇಡಬಹುದು?

ಅದರ ನೀರಿನಲ್ಲೇ ಮುಳುಗಿಸಿ, ಮುಚ್ಚಿ, ಫ್ರಿಜ್ಜಿನಲ್ಲಿ ಎರಡು ದಿನ. ನೀರು ಚೆಲ್ಲಿಹೋಗಿದ್ದರೆ ಚಿಟಿಕೆ ಉಪ್ಪು ಹಾಕಿದ, ಕುದಿಸಿ ಆರಿಸಿದ ನೀರು ಸಾಕು. ಮೂರನೆಯ ದಿನಕ್ಕೆ ಪಿಜ್ಜಾಗೋ ಸ್ಯಾಂಡ್‌ವಿಚ್‌ಗೋ ಬಳಸಿ.

## ಎಲೆ, ಎಣ್ಣೆ, ಹುಳಿ

ಬೇಸಿಲ್ ಎಂದರೆ ತುಳಸಿಯೇ ಅಲ್ಲವೇ? ಅಂಗಳದಲ್ಲೇ ಇದೆ.

ಒಂದೇ ಕುಟುಂಬ, ಬೇರೆ ಗಿಡ. ಕಟ್ಟೆಯಲ್ಲಿ ಪೂಜೆಗೊಳ್ಳುವ ತುಳಸಿಗೆ ಲವಂಗದ ಖಾರವಿದೆ. ಕಷಾಯಕ್ಕೆ ಅದು ಬೇಕು, ಹಸಿ ಟೊಮೆಟೊ ಜೊತೆ ಔಷಧಿಯ ರುಚಿ ಬರುತ್ತದೆ. ಪೂಜೆಯ ಎಲೆಯನ್ನು ಚೀಸಿನ ಮೇಲೆ ಹಾಕಲು ಮನೆಯವರು ಒಪ್ಪುವುದೂ ಕಷ್ಟ.

ಬೇಸಿಲ್‌ನ ನಿಜವಾದ ಒಡಹುಟ್ಟು ನಮ್ಮ ಕಾಮಕಸ್ತೂರಿ. ಸಸ್ಯಶಾಸ್ತ್ರದ ಪ್ರಕಾರ ಎರಡೂ ಒಂದೇ ಜಾತಿ. ನೀರಿನಲ್ಲಿ ನೆನೆಸಿದರೆ ಲೋಳೆ ಕಟ್ಟಿಕೊಂಡು ಉಬ್ಬುವ, ಬೇಸಿಗೆಯ ಪಾನಕಕ್ಕೆ ಹಾಕುವ ಆ ಕಪ್ಪು ಬೀಜ ಇದರದ್ದೇ. ಹೂಮಾಲೆಗಳಲ್ಲಿ ಕನಕಾಂಬರದ ನಡುವೆ ಕಟ್ಟುವ ಘಮಘಮ ಎಲೆಯೂ ಇದೇ. ಇಟಲಿಯ ತಳಿಗೆ ದೊಡ್ಡ, ಮೃದುವಾದ, ದೋಣಿಯಂತೆ ಬಾಗಿದ ಎಲೆ, ಘಮ ಸಿಹಿ. ಕಾಮಕಸ್ತೂರಿಯ ಎಲೆ ಚಿಕ್ಕದು, ಘಮ ಕಟು. ಇಟಲಿಯ ಬೇಸಿಲ್ ಸಿಗದಿದ್ದರೆ ಕಾಮಕಸ್ತೂರಿಯ ಎಳೆಯ ಕುಡಿಗಳನ್ನು ಅರ್ಧದಷ್ಟು ಪ್ರಮಾಣದಲ್ಲಿ ಹಾಕಿ. ಮನೆಯ ಕುಂಡದ್ದಾಗಿರಲಿ, ಹೂವಿನ ಅಂಗಡಿಯ ಎಲೆ ತಿನ್ನಲು ಬೆಳೆದದ್ದಲ್ಲ, ಏನು ಸಿಂಪಡಿಸಿರುತ್ತಾರೋ ಹೇಳಲಾಗದು.

ಎಲೆ ಕಪ್ಪಾಗುತ್ತದೆ, ಏನು ಮಾಡಲಿ?

ಎಲೆಯನ್ನು ಗಾಯಗೊಳಿಸಿದಲ್ಲೆಲ್ಲ ಗಾಳಿ ತಾಗಿ ಕಪ್ಪಾಗುತ್ತದೆ, ಬದನೆಕಾಯಿ ಹೆಚ್ಚಿಟ್ಟರೆ ಆಗುವ ಹಾಗೆಯೇ. ಹೆಚ್ಚಬೇಡಿ. ಸಣ್ಣ ಎಲೆಯನ್ನು ಇಡಿಯಾಗಿ ಹಾಕಿ, ದೊಡ್ಡದನ್ನು ಬಡಿಸುವ ಕ್ಷಣದಲ್ಲಿ ಕೈಯಿಂದ ಹರಿಯಿರಿ. ಫ್ರಿಜ್ಜಿನ ತಂಪೂ ಎಲೆಯನ್ನು ಕಪ್ಪಾಗಿಸುತ್ತದೆ. ಕಂತೆಯನ್ನು ಹೂಗುಚ್ಛದಂತೆ ಲೋಟದ ನೀರಿನಲ್ಲಿ ನಿಲ್ಲಿಸಿ ಅಡುಗೆಮನೆಯ ಕಿಟಕಿಯ ಬಳಿ ಇಟ್ಟರೆ ನಾಲ್ಕೈದು ದಿನ ಬರುತ್ತದೆ, ಕೆಲವೊಮ್ಮೆ ಬೇರೂ ಬಿಡುತ್ತದೆ. ಬೇರು ಬಿಟ್ಟ ಕಡ್ಡಿಯನ್ನು ಕುಂಡದಲ್ಲಿ ನೆಟ್ಟುಬಿಡಿ.

ಆಲಿವ್ ಎಣ್ಣೆ ದುಬಾರಿ. ಕಡಲೆಕಾಯಿ ಎಣ್ಣೆ ನಡೆಯುತ್ತದೆಯೇ?

ಇಲ್ಲಿ ಎಣ್ಣೆ ಹುರಿಯಲು ಬಳಸುವುದಲ್ಲ, ರುಚಿಯ ಮೂರನೆಯ ಒಂದು ಪಾಲು ಅದೇ. ಎಕ್ಸ್‌ಟ್ರಾ ವರ್ಜಿನ್ ಎಂದರೆ ಹಣ್ಣನ್ನು ಹಿಂಡಿ ತೆಗೆದ, ಆಮ್ಲೀಯತೆ ನೂರಕ್ಕೆ 0.8 ಮೀರದ ಎಣ್ಣೆ. ಗಂಟಲಲ್ಲಿ ತುಸು ಖಾರವೆನಿಸಿದರೆ ತಾಜಾ ಎಂದು ತಿಳಿಯಿರಿ. ದೊಡ್ಡ ಡಬ್ಬಿ ತಂದು ವರ್ಷವಿಡೀ ಇಡುವ ಬದಲು ಚಿಕ್ಕ ಬಾಟಲಿ ತಂದು, ಬೆಳಕು ಬೀಳದ ಕಡೆ ಇಟ್ಟು, ಎರಡು ಮೂರು ತಿಂಗಳಲ್ಲಿ ಮುಗಿಸಿ. ಗಾಣದ ಕಡಲೆಕಾಯಿ ಎಣ್ಣೆ ಹಾಕಿಯೂ ನೋಡಿದ್ದೇನೆ. ಚಟ್ನಿಪುಡಿ ಎಲ್ಲಿ ಎಂದು ನಾಲಿಗೆ ಕೇಳಿತು.

ಕಪ್ಪು ಸಿಹಿ ವಿನೆಗರ್ ಸುರಿದು ಕೊಡುತ್ತಾರಲ್ಲ, ಅದನ್ನು ಎಲ್ಲಿ ತರುವುದು?

ತರಬೇಡಿ. ಬಾಲ್ಸಾಮಿಕ್ ವಿನೆಗರ್ ಉತ್ತರದ ಮೊದೆನಾ ಕಡೆಯದು, ಕಾಪ್ರಿಯ ತಟ್ಟೆಗೆ ಅದು ಹೊರಗಿನ ನೆಂಟ. ರುಚಿಯಿಲ್ಲದ ಟೊಮೆಟೊವನ್ನು ಸಾಗಹಾಕಲು ಹೋಟೆಲುಗಳಿಗೆ ಅನುಕೂಲ. ಹಣ್ಣು ಒಳ್ಳೆಯದಿದ್ದರೆ ಹುಳಿ ಅದರಲ್ಲೇ ಇರುತ್ತದೆ. ಕಾಪ್ರಿ, ನೇಪಲ್ಸ್ ಕಡೆ ಕೆಲವರು ಒಣಗಿದ ಒರೆಗಾನೊ ಉದುರಿಸುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ. ಒರೆಗಾನೊದ ಹತ್ತಿರದ ನೆಂಟ ನಮ್ಮ ಮರುಗ. ಕುಂಡದಲ್ಲಿ ಬೆಳೆದಿದ್ದರೆ ನಾಲ್ಕು ಎಲೆ ಹಾಕಿ ನೋಡಿ.

ಈರುಳ್ಳಿ, ಹಸಿಮೆಣಸಿನಕಾಯಿ, ಚಾಟ್ ಮಸಾಲೆ?

ನಿಮ್ಮ ಮನೆ, ನಿಮ್ಮ ತಟ್ಟೆ. ಮೊದಲ ಸಲ ಮಾತ್ರ ಇವಿಲ್ಲದೆ ತಿನ್ನಿ.

## ಇನ್ನೂ ಮುಂದೆ ಹೋಗುವವರಿಗೆ

ಕೋಣೆಯ ಉಷ್ಣತೆಯಲ್ಲಿ ಬಡಿಸಿ ಎನ್ನುತ್ತೀರಿ. ನಮ್ಮದು ಕಲಬುರಗಿ, ಮೇ ತಿಂಗಳು. ಯಾವ ಕೋಣೆ?

ಒಳ್ಳೆಯ ಏಟು. ಆ ಮಾತು ಹೇಳುವವರ ತಲೆಯಲ್ಲಿ 22, 24 ಡಿಗ್ರಿ ಇರುತ್ತದೆ. ನಿಮ್ಮ ಅಡುಗೆಮನೆಯಲ್ಲಿ 40ರ ಹತ್ತಿರ. ಅಷ್ಟು ಬಿಸಿಯಲ್ಲಿ ಚೀಸಿನ ಕೊಬ್ಬು ಬೆವರಿ ಎಣ್ಣೆಯಾಗುತ್ತದೆ. ನಿಮಗೆ ಒಂದು ಗಂಟೆ ಬೇಡ, ಫ್ರಿಜ್ಜಿನಿಂದ ತೆಗೆದು ಹದಿನೈದು ನಿಮಿಷ ಸಾಕು. ಟೊಮೆಟೊವನ್ನು ಮಣ್ಣಿನ ಗಡಿಗೆಯ ಪಕ್ಕದಲ್ಲಿ, ಒದ್ದೆ ಬಟ್ಟೆ ಹೊದಿಸಿ ಇಡಿ. 32 ಡಿಗ್ರಿ ಮೀರಿದ ಜಾಗದಲ್ಲಿ ತಾಜಾ ಚೀಸನ್ನು ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದು ಎಂಬುದು ಆಹಾರ ಸುರಕ್ಷತೆಯ ನಿಯಮವೂ ಹೌದು.

ಮೊಝರೆಲ್ಲಾವನ್ನು ಮನೆಯಲ್ಲೇ ಮಾಡಬಹುದೇ?

ಮಾಡಬಹುದು. ಮೊದಲ ಸಲ ಕೆಡುತ್ತದೆ ಎಂದು ಮನಸ್ಸು ಗಟ್ಟಿಮಾಡಿಕೊಳ್ಳಿ. ನನ್ನದು ಮೂರು ಸಲ ಕೆಟ್ಟಿತು, ಮೂರಕ್ಕೂ ಕಾರಣ ಒಂದೇ: ಹಾಲನ್ನು ಕಾಯಿಸಿಬಿಟ್ಟಿದ್ದೆ. ನಮ್ಮ ಕೈ ಹಾಲು ಕಂಡೊಡನೆ ಒಲೆಯ ಮೇಲಿಡುತ್ತದೆ. ಕುದಿದ ಹಾಲಿನಲ್ಲಿ ಹಾಲೊಡಕಿನ ಪ್ರೋಟೀನುಗಳು ಹಾಲಿನ ಮುಖ್ಯ ಪ್ರೋಟೀನಾದ ಕೇಸೀನಿಗೆ ಅಂಟಿಕೊಳ್ಳುತ್ತವೆ. ಅಂಥ ಹಾಲಿನ ಹೆಪ್ಪು ಎಳೆ ಬರುವುದಿಲ್ಲ, ಪುಡಿಪುಡಿಯಾಗುತ್ತದೆ. ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇರುವ ಹಾಲೂ ಇದೇ ಕಾರಣಕ್ಕೆ ಬೇಡ. ಪಾಶ್ಚರೀಕರಿಸಿದ, ಕೆನೆಯಿರುವ, ಅಂದಿನ ಪೊಟ್ಟಣದ ಹಾಲು ತಂದು ಕಾಯಿಸದೆ ಬಳಸಿ.

ಎರಡು ಲೀಟರ್ ಹಾಲಿಗೆ ಮುಕ್ಕಾಲು ಚಹಾ ಚಮಚ ನಿಂಬೆ ಉಪ್ಪನ್ನು, ಅಂದರೆ ದಿನಸಿ ಅಂಗಡಿಯ ಸಿಟ್ರಿಕ್ ಆಮ್ಲವನ್ನು, ಅರ್ಧ ಲೋಟ ನೀರಿನಲ್ಲಿ ಕರಗಿಸಿ ತಣ್ಣಗಿನ ಹಾಲಿಗೆ ಬೆರೆಸಿ. ಸಣ್ಣ ಉರಿಯಲ್ಲಿ 32 ಡಿಗ್ರಿಗೆ ತನ್ನಿ. ಬೆರಳಿಗೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಎನ್ನುವ ಹದ, ಆದರೂ ಥರ್ಮಾಮೀಟರ್ ಒಂದು ಇರಲಿ. ಉರಿ ಆರಿಸಿ, ಪೊಟ್ಟಣದ ಮೇಲೆ ಹೇಳಿದ ಅಳತೆಯಷ್ಟು ರೆನೆಟ್ಟನ್ನು ಕಾಲು ಲೋಟ ತಣ್ಣೀರಿನಲ್ಲಿ ಕಲಸಿ ಸುರಿದು, ಅರ್ಧ ನಿಮಿಷ ತಿರುವಿ ಕೈಬಿಡಿ. ಹತ್ತು ನಿಮಿಷದ ಮೇಲೆ ಬೆರಳಿನಿಂದ ಎತ್ತಿದರೆ ಗಿಣ್ಣಿನಂತೆ ಒಡೆದು, ಬಿರುಕಿನಲ್ಲಿ ತಿಳಿಯಾದ ಹಸಿರುಹಳದಿ ನೀರು ಕಾಣಬೇಕು. ಚಾಕುವಿನಿಂದ ಚೌಕಚೌಕವಾಗಿ ಕತ್ತರಿಸಿ, ಮತ್ತೆ 40 ಡಿಗ್ರಿಗೆ ತಂದು, ಗಟ್ಟಿಯನ್ನು ಜರಡಿಗೆ ಎತ್ತಿಕೊಳ್ಳಿ.

ಈಗ ಹಾಲೊಡಕನ್ನೇ 80 ಡಿಗ್ರಿಗೆ ಕಾಯಿಸಿ, ಒಂದು ಚಮಚ ಉಪ್ಪು ಹಾಕಿ, ಹೆಪ್ಪಿನ ತುಂಡುಗಳನ್ನು ಜಾಲರಿ ಸೌಟಿನಲ್ಲಿ ಅದರೊಳಗೆ ಅದ್ದಿ. ಒಳಗೆಲ್ಲ ಬಿಸಿಯಾದಾಗ ಅವು ಒಂದಕ್ಕೊಂದು ಅಂಟಿ ಹೊಳಪು ಬರುತ್ತದೆ. ಕೈಗೆ ದಪ್ಪ ರಬ್ಬರ್ ಗವಸು ಹಾಕಿಕೊಂಡು ಎಳೆದು, ಮಡಿಚಿ, ಮತ್ತೆ ಎಳೆಯಿರಿ. ಒರಟು ಉಂಡೆ ಕೈಯಲ್ಲೇ ನುಣುಪಾಗಿ ರೇಷ್ಮೆಯ ಸೆರಗಿನಂತೆ ಇಳಿಬೀಳುವ ಒಂದು ಗಳಿಗೆ ಬರುತ್ತದೆ, ಅಲ್ಲಿಗೆ ನಿಲ್ಲಿಸಿ. ಹೆಚ್ಚು ನಾದಿದರೆ ಕೊಬ್ಬೆಲ್ಲ ಹೋಗಿ ಗಟ್ಟಿಯಾಗುತ್ತದೆ. ಚಪಾತಿ ಹಿಟ್ಟಿನ ಉಂಡೆ ಮುರಿಯುವಂತೆ ಹೆಬ್ಬೆರಳು ತೋರುಬೆರಳಿನ ನಡುವೆ ಹಿಸುಕಿ ತುಂಡು ಮಾಡಿ ತಣ್ಣೀರಿಗೆ ಹಾಕಿ. ಇಟಲಿಯ ಭಾಷೆಯಲ್ಲಿ ‘ಮೊಝಾರೆ’ ಎಂದರೆ ಕತ್ತರಿಸುವುದು, ಚೀಸಿಗೆ ಹೆಸರು ಬಂದದ್ದು ಈ ಹಿಸುಕಿನಿಂದಲೇ. ಎರಡು ಲೀಟರಿಗೆ ಸುಮಾರು 200 ಗ್ರಾಂ ಸಿಗುತ್ತದೆ. ಮಿಕ್ಕ ಹಾಲೊಡಕು ಉಪ್ಪುಪ್ಪಾಗಿ ಹುಳಿಯಾಗಿರುತ್ತದೆ. ಚಪಾತಿ ಹಿಟ್ಟಿಗೆ ಉಪ್ಪು ಬಿಟ್ಟು ಅದನ್ನೇ ಹಾಕಿ ಕಲಸಿ.

ಐವತ್ತು ಜನಕ್ಕೆ ಮಾಡಬೇಕು. ಮೊದಲೇ ಸಿದ್ಧ ಮಾಡಿಡಬಹುದೇ?

ಬಿಲ್ಲೆಗಳನ್ನು ಹೊಂದಿಸುವ ಆಸೆ ಬಿಡಿ. ಆರು ಕಿಲೋ ಚೆರ್ರಿ ಟೊಮೆಟೊ, ಮೂರು ಕಿಲೋ ಚಿಕ್ಕ ಉಂಡೆಯ ಮೊಝರೆಲ್ಲಾ ಸಾಕು. ಟೊಮೆಟೊ ಹೋಳು ಮಾಡಿ ಒಂದು ಪಾತ್ರೆಯಲ್ಲಿ, ಬಸಿದ ಚೀಸ್ ತಂಪಾಗಿ ಇನ್ನೊಂದರಲ್ಲಿ. ಪಂಕ್ತಿ ಕೂರುವಾಗ ದೊಡ್ಡ ಬೋಗುಣಿಗಳಲ್ಲಿ ಹತ್ತು ಹತ್ತು ಜನಕ್ಕಾಗುವಷ್ಟು ಮಾತ್ರ ಬೆರೆಸುತ್ತಾ ಹೋಗಿ, ಉಪ್ಪು ಎಣ್ಣೆ ಆಗಲೇ. ಎಲ್ಲವನ್ನೂ ಒಮ್ಮೆಗೆ ಕಲಸಿಟ್ಟರೆ ಕೊನೆಯ ಪಂಕ್ತಿಗೆ ಸಿಗುವುದು ಕೆಂಪು ಮಜ್ಜಿಗೆ.

ಮಳೆಗಾಲದಲ್ಲಿ ಟೊಮೆಟೊ ಸಪ್ಪೆಯಾಗಿರುತ್ತದೆ. ಆಗ?

ಸಪ್ಪೆ ಹಣ್ಣನ್ನು ಉದ್ದುದ್ದ ಎರಡು ಹೋಳು ಮಾಡಿ, ಉಪ್ಪು, ಎಣ್ಣೆ, ಚಿಟಿಕೆ ಸಕ್ಕರೆ ಸವರಿ, ಅವನ್‌ನಲ್ಲಿ 120 ಡಿಗ್ರಿಯಲ್ಲಿ ಎರಡರಿಂದ ಮೂರು ಗಂಟೆ ಇಡಿ. ಅಂಚು ಮುರುಟಿ, ನಡುವೆ ಜ್ಯಾಮಿನಂತಾಗುತ್ತದೆ. ಆರಿದ ಮೇಲೆ ಚೀಸ್ ಜೊತೆ ಇಡಿ. ಹೈಬ್ರಿಡ್ ಟೊಮೆಟೊಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ಸಿಕ್ಕಿಲ್ಲ, ಇಲ್ಲಿ ಆ ದಪ್ಪ ಸಿಪ್ಪೆಯೇ ಹಣ್ಣನ್ನು ಹಿಡಿದಿಡುತ್ತದೆ.

ಕಾಪ್ರೆಸೆ ಕೇಕ್ ಎಂದು ಮೆನುವಿನಲ್ಲಿ ನೋಡಿದೆ. ಟೊಮೆಟೊ ಕೇಕೇ?

ಅಲ್ಲ. ಅದೂ ಕಾಪ್ರಿಯದೇ, ಹಾಗಾಗಿ ಅದೇ ಹೆಸರು. ಬಾದಾಮಿ ಪುಡಿ, ಚಾಕೊಲೇಟ್, ಬೆಣ್ಣೆ, ಸಕ್ಕರೆ, ಮೊಟ್ಟೆ ಹಾಕಿ, ಮೈದಾ ಇಲ್ಲದೆ ಮಾಡುತ್ತಾರೆ. ಸಲಾಡ್ ತಿಂದ ಮೇಲೆ ತರಿಸಿಕೊಳ್ಳಿ.